ಹತ್ತಿ ಸಸಿಗೆ ಬಿಸಿಲು ಸಾಲದಿದ್ದರೆ

ನಿಮ್ಮ ಹೊಲದ ಬದುವಿನಲ್ಲಿ ಮರ ಇದೆಯಾ? ಹುಣಸೆ, ಬೇವು, ಹೊಂಗೆ, ಯಾವುದಾದರೂ ಸರಿ. ಹತ್ತಿ ಹುಟ್ಟಿ ಹದಿನೈದು ದಿನ ಆದ ಮೇಲೆ ಮರದ ಬುಡದ ಸಾಲನ್ನೂ ಹೊಲದ ನಡುವಿನ ಸಾಲನ್ನೂ ಒಮ್ಮೆ ನೋಡಿ. ನೆರಳಿನ ಸಸಿ ಉದ್ದ ಇರುತ್ತದೆ. ಆದರೆ ಕಾಂಡ ಸಣ್ಣ, ಎಲೆ ತೆಳು, ಬಣ್ಣ ಪೇಲವ. ಬಿಸಿಲಿನ ಸಸಿ ಗಿಡ್ಡ, ಕಾಂಡ ಗಟ್ಟಿ. ಉದ್ದ ಬೆಳೆದದ್ದೇ ಒಳ್ಳೆ ಸಸಿ ಅಂತ ಮೋಸ ಹೋಗಬೇಡಿ.

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ಅಲ್ಲಿ ಕಪ್ಪಿಲಿಯರು ಎಂಬ ಬೇಸಾಯದ ಜನ ಇದ್ದಾರೆ. ಅವರ ಮನೆಮಾತು ಕನ್ನಡ. ಹೊರಗೆ ತಮಿಳು, ಒಳಗೆ ನಮ್ಮ ಮಾತು! 1895ರಲ್ಲಿ ಪೆರಿಯಾರ್ ಅಣೆಕಟ್ಟು ಆಯಿತು. ಅದರ ನೀರು ಹರಿಯುವ ಕಡೆ ಭತ್ತ, ಬಾಳೆ, ತೆಂಗು. ಆಂಡಿಪಟ್ಟಿ ಕಡೆಯ ಒಣ ಭೂಮಿಯಲ್ಲಿ ಹತ್ತಿ. ತೇನಿ ಹತ್ತಿ ವ್ಯಾಪಾರದ ಊರು. ಪಕ್ಕದ ದಿಂಡಿಗಲ್ ಕಡೆ ನೂಲಿನ ಗಿರಣಿಗಳಿವೆ. ಕಣಿವೆಯ ಪಶ್ಚಿಮಕ್ಕೆ ಎತ್ತರದ ಬೆಟ್ಟದ ಸಾಲು. ಬೆಟ್ಟದ ಬುಡದ ಹೊಲಕ್ಕೆ ಸಂಜೆಯ ಬಿಸಿಲು ಬೇಗ ಹೋಗಿಬಿಡುತ್ತದೆ. ತೆಂಗಿನ ತೋಟದ ಅಂಚಿಗೂ ಹಾಗೇ. ನಮ್ಮ ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಮುಂಗಾರಿನ ಮೋಡವೇ ಬಿಸಿಲಿಗೆ ಅಡ್ಡ.

ಬಿಸಿಲು ಯಾಕೆ ಬೇಕು? ಹತ್ತಿ ಬೀಜದಲ್ಲಿ ಎಣ್ಣೆ ಇದೆ, ನಿಮಗೆ ಗೊತ್ತು. ಅದು ಮರಿಸಸಿಗೆ ಕಟ್ಟಿಕೊಟ್ಟ ಬುತ್ತಿ. ನೆಲ ಬೆಚ್ಚಗಿದ್ದರೆ ಐದಾರು ದಿನಕ್ಕೆ ಎರಡು ದಪ್ಪ ಬೀಜದೆಲೆ ಮೇಲೆ ಬರುತ್ತವೆ. ಬುತ್ತಿ ಕೆಲವೇ ದಿನಕ್ಕೆ ಮುಗಿಯುತ್ತದೆ. ಆಮೇಲೆ ಸಸಿ ತಾನೇ ಅಡಿಗೆ ಮಾಡಿಕೊಳ್ಳಬೇಕು. ಎಲೆಯೇ ಅಡಿಗೆಮನೆ, ಬಿಸಿಲೇ ಒಲೆ. ಒಲೆ ಮಂಕಾದರೆ ಊಟ ಕಡಿಮೆ. ಇರುವ ಅಷ್ಟನ್ನೂ ಸಸಿ ಬೆಳಕು ಹುಡುಕಿಕೊಂಡು ಮೇಲೆ ಹೋಗಲು ಸುರಿಯುತ್ತದೆ. ಬೇರಿಗೆ ಪಾಲು ಸಿಗೋದಿಲ್ಲ.

ಇದೇ ಮುಖ್ಯ ವಿಷಯ. ಬೇರಿನ ಬಡತನ ನಮ್ಮ ಕಣ್ಣಿಗೆ ಕಾಣದು. ಮೋಡ ಸರಿದು ಹತ್ತು ದಿನ ಮಳೆ ಕೈಕೊಟ್ಟಾಗ ಕಾಣುತ್ತದೆ. ಆಳಕ್ಕೆ ಇಳಿಯದ ಬೇರು ನೀರು ತರಲಾರದು. ಆ ಸಾಲು ಮೊದಲು ಬಾಡುತ್ತದೆ. ಅಲ್ಲಿ ಮೊಗ್ಗು ಬರುವುದೂ ತಡ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ವರ್ಷ ಹೀಗೆ ಪೇಲವ ಆದ ಸಸಿಗೆ ಸಾಲ ಮಾಡಿ ಯೂರಿಯಾ ತಂದು ಹಾಕಿದರು. ವಾರಪೂರ್ತಿ ಮೋಡ. ಸಸಿ ಇನ್ನೂ ಉದ್ದ ಆಗಿ ಮಲಗಿತು. "ಗೊಬ್ಬರ ಹಾಕಿದ್ದೇ ತಪ್ಪಾಯ್ತೇನಪ್ಪಾ?" ಅಂತ ಕೇಳಿದರು. ಬೆಳಕು ಇಲ್ಲದಾಗ ಗೊಬ್ಬರವನ್ನು ಸಸಿ ಸರಿಯಾಗಿ ಬಳಸಲಾರದು. ದುಡ್ಡು ಮಳೆನೀರಿನ ಜೊತೆ ಹೋಯಿತು.

ಹಾಗಾದರೆ ಮೊದಲು ಕಾರಣ ಹುಡುಕಿ. ಮರದ ಹತ್ತಿರ ಮಾತ್ರ ಪೇಲವವಾ? ಅದು ನೆರಳು. ಕೊಂಬೆ ಸವರಿ, ಇಲ್ಲವೇ ಆ ಎರಡು ಸಾಲು ಹತ್ತಿಗೆ ಬಿಟ್ಟುಕೊಡಬೇಡಿ. ತಗ್ಗಿನಲ್ಲಿ ಮಾತ್ರವಾ? ನೀರು ನಿಂತಿದೆ, ಬಸಿಯಿರಿ. ಹೊಲ ಪೂರ್ತಿ, ಅದೂ ಮೋಡದ ದಿನಗಳಲ್ಲಿ? ನಾಲ್ಕು ದಿನ ಬಿಸಿಲು ಬರಲಿ, ಕಾಯಿರಿ. ಹೊಸ ಎಲೆ ಹಸಿರಾಗಿ ಬಂದರೆ ಚಿಂತೆ ಇಲ್ಲ. ಬಿಸಿಲು ಬಂದ ಮೇಲೂ ಹಳದಿ ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಎಲೆ ತೋರಿಸಿ ಕೇಳಿ.

ಕಳೆಯೂ ನೆರಳೇ. ಮೊದಲ ಒಂದೂವರೆ ತಿಂಗಳು ಹತ್ತಿ ನಿಧಾನ ಬೆಳೆಯುತ್ತದೆ, ಕಳೆ ಓಡುತ್ತದೆ. ಕುಂಟೆ ತಡ ಮಾಡಬೇಡಿ. ಒಂದೇ ಗುಣಿಯಲ್ಲಿ ಮೂರು ಸಸಿ ಇದ್ದರೆ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವು ಕೀಳಿ. ಕೈ ಬರೋದಿಲ್ಲ, ನನಗೆ ಗೊತ್ತು. ಆದರೂ ಕೀಳಿ.

ಈಗ ಅಭ್ಯಾಸ. ಎರಡು ಹಳೆ ಡಬ್ಬಕ್ಕೆ ತೂತು ಮಾಡಿ ಮಣ್ಣು ತುಂಬಿ. ನಾಲ್ಕು ನಾಲ್ಕು ಹತ್ತಿ ಬೀಜ ಹಾಕಿ. ಅಂಗಡಿ ಬೀಜಕ್ಕೆ ಔಷಧಿ ಸವರಿರುತ್ತಾರೆ, ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಒಂದು ಡಬ್ಬ ಅಂಗಳದ ಬಿಸಿಲಿಗೆ, ಒಂದು ಒಳಮನೆಯ ಮೂಲೆಗೆ. ಎರಡಕ್ಕೂ ಸಮ ನೀರು. ಸಸಿ ಎಷ್ಟು ಬೆರಳು ಉದ್ದ, ಎಲೆ ಯಾವ ಬಣ್ಣ, ದಿನವೂ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಹದಿನೈದನೇ ದಿನ ಎರಡನ್ನೂ ಮೆಲ್ಲಗೆ ಕಿತ್ತು, ಬೇರು ತೊಳೆದು ಪಕ್ಕಪಕ್ಕ ಇಡಿ. ಕಂಡದ್ದನ್ನು ಐದು ಸಾಲಿನಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.