ಬೂಷ್ಟಿನ ಮೇಲೆ ಬಣ್ಣ ಹೊಡೆಸಬೇಡಿ

ಆಟಿ ತಿಂಗಳಲ್ಲಿ ಕಪಾಟು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದಲ್ಲ, ಮಂಗಳೂರು, ಉಡುಪಿ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಚರ್ಮದ ಬೆಲ್ಟಿನ ಮೇಲೆ ಹಸಿರು ಬೂದಿ ಉದುರಿಸಿದಂತೆ ಬೂಷ್ಟು, ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ. ಆಗ ಹೆಚ್ಚಿನವರು ಮಾಡುವುದೇನು? ಒಣ ಬಟ್ಟೆಯಲ್ಲಿ ಕೊಡವಿ, ಚೌತಿಗೆ ಮೊದಲು ಗೋಡೆಗೆ ಒಂದು ಕೋಟ್ ಬಣ್ಣ ಹೊಡೆಸುವುದು. ಎರಡೂ ತಪ್ಪು. ಒಣ ಬಟ್ಟೆಯಲ್ಲಿ ಕೊಡವಿದರೆ ಬೂಷ್ಟಿನ ಕಣಗಳು ಮನೆಯೆಲ್ಲ ಹಾರುತ್ತವೆ. ಬಣ್ಣದಡಿ ಉಳಿದ ಬೂಷ್ಟು ಸ್ವಲ್ಪ ದಿನದಲ್ಲೇ ಸಿಪ್ಪೆ ಎಬ್ಬಿಸಿ ಮತ್ತೆ ಮುಖ ತೋರಿಸುತ್ತದೆ.

ಬೂಷ್ಟಿನ ಬೇರು ನೀರಿನಲ್ಲಿದೆ. ಹೆಂಚು ಜಾರಿದೆಯೋ, ಪೈಪು ಸೋರುತ್ತಿದೆಯೋ ಮೊದಲು ನೋಡಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ತಿಕ್ಕಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುತ್ತೀರಿ, ಅದರ ತೇವವೂ ಕೋಣೆಯಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಬೇರೆ ದಾರಿಯಿಲ್ಲ, ಗೊತ್ತು. ಮಳೆ ಬಿಟ್ಟ ಹೊತ್ತಿಗಾದರೂ ಕಿಟಕಿ ತೆರೆದಿಡಿ. ತೇವಾಂಶ ಶೇ. 60 ದಾಟಿದ ಕೋಣೆ ಬೂಷ್ಟಿಗೆ ತವರುಮನೆ.

ಒಂದು ಮಾತ್ರ ಮರೆಯಬೇಡಿ. ಬೂಷ್ಟು ತಿಕ್ಕಲು ಬ್ಲೀಚಿಂಗ್ ಪೌಡರ್ ಬಳಸುವುದಾದರೆ, ಅದನ್ನು ಕಲಸಿದ ನೀರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಲೇಬೇಡಿ. ಹೊಮ್ಮುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಲ್ಲಿ ಉಸಿರನ್ನೇ ಕಟ್ಟಿಸುತ್ತದೆ. ಮನೆಯಲ್ಲಿ ದಮ್ಮು ಇರುವವರಿದ್ದರೆ, ತಿಕ್ಕುವ ಹೊತ್ತಿಗೆ ಅವರನ್ನು ಪಕ್ಕದ ಮನೆಗೆ ಕಳುಹಿಸಿ.