ಮೊದಲು ಬಾಯಿ ಕೂಡಿಸು

ಅಳಿಯಾ, ಕ್ಷೌರದ ಕತ್ತಿ ಕೊಂಡೆಯಂತೆ, ಸರಿ. ಈಗ ಮಸೆಗಲ್ಲುಗಳ ಪಟ್ಟಿ ಹಿಡಿದು ಕೂತಿದ್ದೀಯಲ್ಲ, ಅದನ್ನು ಮಡಚಿಡು. ಬೆಲ್ಜಿಯಂನ ಆರ್ಡೆನ್ ಸೀಮೆಯ ಹಳದಿ ಕೋಟಿಕ್ಯೂಲ್ ಒಳ್ಳೆಯ ಕಲ್ಲೇ. ಅದರೊಳಗಿನ ಸಣ್ಣ ಗಾರ್ನೆಟ್ ಹರಳುಗಳು ಉಕ್ಕನ್ನು ಸವೆಸುತ್ತವೆ. ಕ್ಯೋಟೊ ಸುತ್ತಿನ ಗಣಿಗಳ ಕಲ್ಲಿಗಂತೂ ಚಿನ್ನದ ಬೆಲೆ. ಆದರೆ ನೆಲದಿಂದ ಬಂದ ಕಲ್ಲು ಒಂದರಂತೆ ಇನ್ನೊಂದಿರುವುದಿಲ್ಲ. ತಪ್ಪು ಕೈಯದೋ ಕಲ್ಲಿನದೋ, ಕಲಿಯುವವನಿಗೆ ತಿಳಿಯದು. ನಿನಗೆ ಕಾರ್ಖಾನೆಯ ಕಲ್ಲೇ ಸಾಕು: 1000 ಗ್ರಿಟ್‌ನದೊಂದು, ಒಂದು ಮೈ 4000 ಇನ್ನೊಂದು ಮೈ 8000 ಇರುವುದೊಂದು. ಅಂಕಿ ಏರಿದಷ್ಟೂ ಕಲ್ಲು ನಯ.

ಹೊಸ ಕಲ್ಲು ಮಟ್ಟವಾಗಿದೆಯೆಂದು ನಂಬಬೇಡ. ಪೆನ್ಸಿಲಿನಲ್ಲಿ ಚೌಕಳಿ ಎಳೆದು, ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು ಉಜ್ಜು. ಗೆರೆಯೆಲ್ಲ ಅಳಿಯಬೇಕು.

ಮಸೆಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಬೆನ್ನಿನ ದಪ್ಪವೇ ಕೋನ ಕಾಯುತ್ತದೆ. ಬಾಯಿ ಮುಂದಾಗಿ ತಳ್ಳು, ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತಾ. ಒತ್ತಬೇಡ, ತೆಳು ಅಲಗು ಬಾಗುತ್ತದೆ.

ಹೆಚ್ಚಿನವರು ಎಡವುವುದು 1000ದಲ್ಲೇ. ಎರಡೂ ಕಡೆಯ ಇಳಿಜಾರು ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಕೂಡುವ ಮುಂಚೆ ನಯದ ಕಲ್ಲಿಗೆ ಓಡುತ್ತಾರೆ. ಕತ್ತಿ ಕನ್ನಡಿಯಂತೆ ಹೊಳೆಯುತ್ತದೆ, ಗಡ್ಡವನ್ನು ಮಾತ್ರ ಕೀಳುತ್ತದೆ! ದೀಪದಡಿ ಬಾಯಿ ಮೇಲೆ ಮಾಡಿ ಹಿಡಿದು ನೋಡು. ಬೆಳಕು ಮಿಂಚಿದ ಕಡೆ ಇನ್ನೂ ಮೊಂಡು. ಮುಂಗೈ ರೋಮ 1000ದ ಕಲ್ಲಿಗೇ ಸಲೀಸಾಗಿ ಬೋಳಾಗಬೇಕು. ಆಗದಿದ್ದರೆ ಅಲ್ಲೇ ಕೂತು ಮಸೆ, ಒಂದು ಸಂಜೆ ಹೋದರೆ ಹೋಗಲಿ. ಮುಂದಿನ ಎರಡು ಮೈಗಳ ಕೆಲಸ ಹಿಂದಿನ ಕಲ್ಲಿನ ಗೀರು ಅಳಿಸುವುದಷ್ಟೆ.

ಆಮೇಲೆ ತೊಗಲು ಪಟ್ಟಿ. ಅಲ್ಲಿ ದಿಕ್ಕು ತಿರುವುಮುರುವು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿ ಸೀಳುತ್ತದೆ.

ಬೇಸರವಾಯಿತೆಂದು ಬೀದಿಯ ಸಾಣೆ ಚಕ್ರದವನಿಗೆ ಕೊಟ್ಟೀಯೆ, ಜೋಕೆ. ಮಚ್ಚಿಗೆ ಅದು ಸರಿ. ಈ ಅಲಗಿನ ಹದ ಆ ಬಿಸಿಗೆ ಇಳಿದುಹೋಗುತ್ತದೆ, ಮತ್ತೆ ಯಾವ ಕಲ್ಲಿಗೂ ಬಾರದು. ಗೆಳೆಯರಿಗೂ ಕತ್ತಿ ಕೊಡಬೇಡ. ರಕ್ತದಿಂದ ಸೋಂಕು ಹರಡುತ್ತದೆಂದೇ ಅಂಗಡಿಯಲ್ಲಿ ನಾವೂ ಗಿರಾಕಿಗೊಂದು ಹೊಸ ಬ್ಲೇಡು ಹಾಕುವುದು.

ದಿನವೂ ಕ್ಷೌರಕ್ಕೆ ಮುಂಚೆ ಪಟ್ಟಿಗೆ ಉಜ್ಜು. ಉಜ್ಜಿದರೂ ಗಡ್ಡ ಎಳೆಯತೊಡಗಿದರೆ 8000ದ ಮೈಗೆ ಮಾತ್ರ ಹಿಡಿ. ಬಾಯಿ ಮುಕ್ಕಾಗದ ಹೊರತು 1000ದ ಕಲ್ಲು ಕಪಾಟಿನಲ್ಲೇ ಇರಲಿ.