ಬೂಸ್ಟ್ ಬಂದಾಗ ಗಾಡಿ ಯಾಕೆ ತಡವರಿಸುತ್ತೆ?

ಲ್ಯಾಬ್ ವೈವಾದಲ್ಲಿ "ಟರ್ಬೊಚಾರ್ಜರ್ ಹೇಗೆ ಕೆಲಸ ಮಾಡುತ್ತೆ?" ಅಂತ ಕೇಳಿದ್ರೆ ನಾವೆಲ್ಲ ಮೂರು ಸಾಲಲ್ಲಿ ಹೇಳಿ ಮುಗಿಸ್ತೀವಿ. ಎಕ್ಸಾಸ್ಟ್ ಗ್ಯಾಸ್ ಟರ್ಬೈನನ್ನು ತಿರುಗಿಸುತ್ತೆ, ಅದೇ ಶಾಫ್ಟಿನಲ್ಲಿರೋ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತೆ, ಪವರ್ ಜಾಸ್ತಿ ಆಗುತ್ತೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬುಚಿ 1905ರಲ್ಲೇ ಪೇಟೆಂಟ್ ಪಡೆದ ಕಲ್ಪನೆ ಇದು. ಉತ್ತರ ಸರಿ, ಮಾರ್ಕ್ಸೂ ಬರುತ್ತೆ. ಆದ್ರೆ "ಬೂಸ್ಟ್ ಬಂದ ಕೂಡಲೇ ಗಾಡಿ ಜರ್ಕ್ ಹೊಡೀತಿದೆ, ಯಾಕೆ?" ಅಂತ ಯಾರಾದ್ರೂ ಕೇಳಿದ್ರೆ? ನನ್ನನ್ನು ಕೇಳಿದ್ದು ಹಾಸನದಲ್ಲಿರೋ ನಮ್ಮ ದೊಡ್ಡಪ್ಪನ ಮಗ. ಮೆಕ್ಯಾನಿಕಲ್ ಓದ್ತಿರೋ ನನ್ನ ಹತ್ರ ಆಗ ಉತ್ತರ ಇರಲಿಲ್ಲ.

ಅಣ್ಣನ ಹತ್ರ ಮೂರು ಸಿಲಿಂಡರಿನ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರಿದೆ. ತಿಂಗಳಿಗೊಮ್ಮೆ ದೊಡ್ಡಪ್ಪನನ್ನು ಚೆಕಪ್‌ಗೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಕರ್ಕೊಂಡು ಹೋಗ್ತಾನೆ. ಕಳೆದ ನವೆಂಬರಲ್ಲಿ ವಾಪಸ್ ಘಾಟಿ ಹತ್ತುವಾಗ ಲಾರಿಯೊಂದನ್ನು ಓವರ್‌ಟೇಕ್ ಮಾಡೋಕೆ ಆಕ್ಸಲರೇಟರ್ ಒತ್ತಿದ್ದಾನೆ. ಗಾಡಿ ಒಂದು ಕ್ಷಣ ಎಳೆದು, ಆಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ತಡವರಿಸಿದೆ. ಎದುರಿಗೆ ಬಸ್ಸು. ಹೇಗೋ ಬ್ರೇಕ್ ಹಾಕಿ ಲಾರಿಯ ಹಿಂದೆ ಸೇರ್ಕೊಂಡ. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ "ಟರ್ಬೊ ಹೋಗಿದೆ ಸಾರ್, ಅರವತ್ತು ಸಾವಿರ ಆಗುತ್ತೆ" ಅಂದ್ರು. ಅಣ್ಣ ನನಗೆ ಫೋನ್ ಮಾಡಿದ: "ಲೋನ್ ಮಾಡ್ಬೇಕಾಗುತ್ತೆ ಕಣೋ. ಅದಕ್ಕೆ ಮುಂಚೆ ನೀನೊಂದ್ಸಲ ಬಂದು ನೋಡು."

ನೋಡಿದೆ. ಅಲ್ಲಿ ಕಲಿತಿದ್ದನ್ನೇ ಇಲ್ಲಿ ಬರೀತಿದ್ದೀನಿ, ನಾನು ಮಾಡಿದ ತಪ್ಪನ್ನೂ ಸೇರಿಸಿ.

ಮೊದಲು ತೊಂದರೆ ಯಾವುದು ಅಂತ ಗುರುತಿಸಿ

ಟರ್ಬೊ ಲ್ಯಾಗ್ ಬೇರೆ, ತಡವರಿಸೋದು ಬೇರೆ. 1500 ಆರ್‌ಪಿಎಂನಲ್ಲಿ ಒತ್ತಿದಾಗ ಒಂದೆರಡು ಸೆಕೆಂಡ್ ಏನೂ ಆಗದೆ, ಆಮೇಲೆ ನುಣ್ಣಗೆ ಎಳೆದ್ರೆ ಅದು ಲ್ಯಾಗ್. ಟರ್ಬೈನ್ ವೇಗ ಹಿಡಿಯೋಕೆ ಸಮಯ ಬೇಕು, ಅಷ್ಟೆ. ಅದು ರೋಗ ಅಲ್ಲ. ಬೂಸ್ಟ್ ಬಂದ ಮೇಲೆ ಗಾಡಿ ಜರ್ಕ್ ಹೊಡೆದ್ರೆ, ಮೆಕ್ಯಾನಿಕ್‌ಗಳ ಮಾತಲ್ಲಿ "ಮಿಸ್ಸಿಂಗ್" ಬಂದ್ರೆ, ಅದು ರೋಗದ ಲಕ್ಷಣ. ಇನ್ನೊಂದು ಥರ ಇದೆ: ಜರ್ಕ್ ಇಲ್ಲ, ಆದ್ರೆ ಗಾಡಿ ಸುಸ್ತಾದವರ ಹಾಗೆ ಎಳೆಯುತ್ತೆ. ಈ ಮೂರರಲ್ಲಿ ಯಾವುದು ಅಂತ ಓಡಿಸೋರನ್ನ ಸರಿಯಾಗಿ ಕೇಳಿ ತಿಳ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ಐಡಲಿನಲ್ಲಿ ಸರಿ ಇರೋ ಗಾಡಿ ಬೂಸ್ಟಿನಲ್ಲಿ ಯಾಕೆ ಕೆಡುತ್ತೆ? ಐಡಲಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಸುಮಾರು 35 ಕಿಲೋಪಾಸ್ಕಲ್. ಪೂರ್ತಿ ಬೂಸ್ಟಿನಲ್ಲಿ 190ರ ಆಸುಪಾಸು. ಅಂದ್ರೆ ಪ್ರತಿ ಸಲವೂ ಸಿಲಿಂಡರಿಗೆ ಐದು ಪಟ್ಟಿಗಿಂತ ಹೆಚ್ಚು ಗಾಳಿ ಹೋಗ್ತಿದೆ. ಅಷ್ಟೇ ಅನುಪಾತದಲ್ಲಿ ಪೆಟ್ರೋಲ್ ಬೇಕು, ಅಷ್ಟು ದಟ್ಟ ಗಾಳಿಯನ್ನು ಸೀಳೋ ಕಿಡಿ ಬೇಕು. ಗಾಳಿ, ಪೆಟ್ರೋಲ್, ಕಿಡಿ ಈ ಮೂರರಲ್ಲಿ ಯಾವುದು ದುರ್ಬಲವೋ ಅದು ಬೂಸ್ಟಿನಲ್ಲೇ ಸಿಕ್ಕಿಬೀಳುತ್ತೆ.

ಗಾಳಿ

ಕಂಪ್ರೆಸರಿನಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್ ಬಾಡಿಗೆ ರಬ್ಬರ್ ಹೋಸುಗಳಿವೆ. ಸೀಳಿದ ಹೋಸು ಸಾಮಾನ್ಯ ಓಟದಲ್ಲಿ ಸುಮ್ಮನಿದ್ದು, ಒಳಗಿನಿಂದ ಒತ್ತಡ ಬಂದಾಗ ಮಾತ್ರ ಬಾಯಿ ಬಿಡಬಹುದು. ಆಗ ಏನಾಗುತ್ತೆ ಅನ್ನೋದು ನಿಮ್ಮ ಗಾಡಿ ಗಾಳಿಯನ್ನು ಹೇಗೆ ಅಳೆಯುತ್ತೆ ಅನ್ನೋದರ ಮೇಲಿದೆ. ಟರ್ಬೊಗಿಂತ ಮುಂಚೆ ಏರ್‌ಫ್ಲೋ ಸೆನ್ಸರ್ ಇದ್ರೆ, ಇಸಿಯು ಲೆಕ್ಕ ಹಾಕಿದ ಗಾಳಿ ದಾರಿಯಲ್ಲೇ ಸೋರಿ ಹೋಗುತ್ತೆ. ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತೆ. ಮಿಶ್ರಣ ರಿಚ್ ಆಗಿ ಕಪ್ಪು ಹೊಗೆ, ತಡವರಿಕೆ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕೋ ಗಾಡಿಯಾದ್ರೆ ಮಿಶ್ರಣ ಹೆಚ್ಚು ಕೆಡಲ್ಲ. ಬೂಸ್ಟ್ ಕಮ್ಮಿಯಾಗಿ ಗಾಡಿ ಸುಸ್ತಾಗುತ್ತೆ, ಟರ್ಬೊ ವಿಪರೀತ ತಿರುಗಬೇಕಾಗುತ್ತೆ.

ಪರೀಕ್ಷೆ ಹೇಗೆ? ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡ್ತಾರಲ್ಲ, ಅದೇ ತತ್ವ. ಎಂಜಿನ್ ಆಫ್ ಮಾಡಿ, ಟರ್ಬೊದ ಇನ್‌ಲೆಟ್ ಮುಚ್ಚಿ, ರೆಗ್ಯುಲೇಟರ್ ಇರೋ ಕಂಪ್ರೆಸರಿನಿಂದ 10 ಪಿಎಸ್‌ಐ ಒಳಗೆ ಗಾಳಿ ಕೊಟ್ಟು, ಜಾಯಿಂಟುಗಳ ಮೇಲೆ ಸೋಪಿನ ನೀರು ಹಾಕಿ. ಜಾಸ್ತಿ ಒತ್ತಡ ಕೊಟ್ರೆ ಸೀಲುಗಳು ಹಾಳಾಗಬಹುದು, ಹುಷಾರು. ವೇಸ್ಟ್‌ಗೇಟಿನ ರಾಡ್ ಸಿಕ್ಕಿಕೊಂಡಿದೆಯಾ, ಡೈವರ್ಟರ್ ವಾಲ್ವಿನ ಡಯಾಫ್ರಾಮ್ ಹರಿದಿದೆಯಾ ಅಂತಲೂ ನೋಡಿ.

ಪೆಟ್ರೋಲ್

ಪೋರ್ಟ್ ಇಂಜೆಕ್ಷನ್ ಎಂಜಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಮ್ಯಾನಿಫೋಲ್ಡಿನ ಒತ್ತಡಕ್ಕೆ ವಿರುದ್ಧವಾಗಿ ಚಿಮ್ಮಬೇಕು. ರೈಲಿನ ಗೇಜ್ ಒತ್ತಡ 4 ಬಾರ್‌ಗೆ ಸ್ಥಿರವಾಗಿದೆ ಅನ್ನಿ. 1 ಬಾರ್ ಬೂಸ್ಟ್ ಬಂದಾಗ ವ್ಯತ್ಯಾಸ 3 ಬಾರ್ ಮಾತ್ರ. ಹರಿವು ಒತ್ತಡ ವ್ಯತ್ಯಾಸದ ವರ್ಗಮೂಲಕ್ಕೆ ಅನುಪಾತ ಅಂತ ಫ್ಲೂಯಿಡ್ ಮೆಕ್ಯಾನಿಕ್ಸಲ್ಲಿ ಓದಿದ್ದೀವಿ: 3/4ರ ವರ್ಗಮೂಲ 0.87. ಅಂದ್ರೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಲ್ಲೇ ಇಂಜೆಕ್ಟರಿನ ಹರಿವು ಶೇಕಡ 13ರಷ್ಟು ಕಮ್ಮಿ! ಇದನ್ನು ಇಸಿಯು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದು ಸರಿದೂಗಿಸುತ್ತೆ, ಇಲ್ಲವೇ ಮ್ಯಾನಿಫೋಲ್ಡಿಗೆ ಜೋಡಿಸಿದ ರೆಗ್ಯುಲೇಟರ್ ರೈಲಿನ ಒತ್ತಡವನ್ನು ಏರಿಸುತ್ತೆ. ಪಂಪು ಸವೆದಿದ್ರೆ, ಫಿಲ್ಟರ್ ಕಟ್ಟಿದ್ರೆ ಅಥವಾ ಆ ರೆಗ್ಯುಲೇಟರಿನ ಸಣ್ಣ ಹೋಸು ಬಿರುಕು ಬಿಟ್ಟಿದ್ರೆ ಮಿಶ್ರಣ ಲೀನ್ ಆಗುತ್ತೆ. ಲೋಡಿನಲ್ಲಿ ಲೀನ್ ಆಗೋದು ಅಪಾಯ, ನಾಕ್ ಶುರುವಾದ್ರೆ ಪಿಸ್ಟನ್‌ಗೆ ಪೆಟ್ಟು.

ಕಿಡಿ

ನಮ್ಮ ಕಥೆ ಇಲ್ಲೇ ಇರೋದು. ಎರಡು ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು, ಒತ್ತಡ ಮತ್ತು ಅಂತರದ ಗುಣಲಬ್ಧವನ್ನು ಅವಲಂಬಿಸಿದೆ. 1889ರಲ್ಲಿ ಜರ್ಮನಿಯ ಫ್ರೀಡ್ರಿಶ್ ಪಾಶೆನ್ ಕಂಡುಕೊಂಡ ನಿಯಮ ಇದು. ಎಂಜಿನ್ನಿನ ಮಟ್ಟದ ಒತ್ತಡದಲ್ಲಿ ಗುಣಲಬ್ಧ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚು ಬೇಕು. ಕಾಯಿಲಿಗೋ ಒಂದು ಮಿತಿ ಇದೆ. ಅದನ್ನು ಮೀರಿದ್ರೆ ಕಿಡಿ ಹಾರೋದೇ ಇಲ್ಲ, ಇಲ್ಲವೇ ಪ್ಲಗ್ಗಿನ ಸಿರಾಮಿಕ್ ಮೇಲಿಂದ, ಕಾಯಿಲಿನ ರಬ್ಬರ್ ಬೂಟಿನ ಒಳಗಿಂದ ಅಡ್ಡದಾರಿ ಹಿಡಿಯುತ್ತೆ. ಅದಕ್ಕೇ ಟರ್ಬೊ ಎಂಜಿನ್‌ಗಳಲ್ಲಿ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ ಕಮ್ಮಿ ಇಡ್ತಾರೆ.

ನಾವು ಮಾಡಿದ್ದು

ಅಣ್ಣನ ಹತ್ರ ಬ್ಲೂಟೂತ್ ಒಬಿಡಿ ಅಡಾಪ್ಟರ್ ಇತ್ತು. ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಮ್ಯಾನಿಫೋಲ್ಡ್ ಒತ್ತಡ ನೋಡಿದ್ವಿ: 90. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಆದ್ದರಿಂದ 90 ಬರಬೇಕಾದ್ದೇ. ಸೆನ್ಸರ್ ನಂಬಬಹುದು ಅಂತಾಯ್ತು. ಬೆಳಗ್ಗೆ ಬೇಗ ಖಾಲಿ ಇರೋ ಒಂದು ಏರು ರಸ್ತೆಯಲ್ಲಿ ಅಣ್ಣ ಓಡಿಸಿದ, ನಾನು ಪಕ್ಕದಲ್ಲಿ ಕೂತು ರೀಡಿಂಗ್ ರೆಕಾರ್ಡ್ ಮಾಡಿದೆ. ಒಬ್ಬರೇ ಎರಡೂ ಕೆಲಸ ಮಾಡಬೇಡಿ. ಮೂರನೇ ಗೇರು, 2000ದಿಂದ 4000 ಆರ್‌ಪಿಎಂ, ಪೂರ್ತಿ ಥ್ರಾಟಲ್.

ಜರ್ಕ್ ಬಂತು. ಆ ಕ್ಷಣದ ಒತ್ತಡ: 188. ಅಂದ್ರೆ ಬೂಸ್ಟ್ ಬರ್ತಾನೇ ಇದೆ! ಬೂಸ್ಟ್ ಕಮ್ಮಿ ಅನ್ನೋ ಪಿ0299 ಕೋಡ್ ಕೂಡ ಇಲ್ಲ. "ಅಣ್ಣ, ಟರ್ಬೊ ಹೋಗಿಲ್ಲ ಕಣಣ್ಣ" ಅಂದೆ. ಪೆಂಡಿಂಗ್‌ನಲ್ಲಿದ್ದದ್ದು ಪಿ0300, ಯಾವುದೋ ಒಂದೇ ಸಿಲಿಂಡರ್ ಅಂತಿಲ್ಲದ ಮಿಸ್‌ಫೈರ್.

ಜೊತೆಗೆ ಆಕ್ಸಿಜನ್ ಸೆನ್ಸರ್ ಲೀನ್ ಅಂತ ತೋರಿಸ್ತಿತ್ತು. ನಾನು ಫ್ಯೂಯೆಲ್ ಪಂಪನ್ನು ಅನುಮಾನಿಸಿದೆ. ಇದು ಎಲ್ಲರೂ ಎಡವೋ ಜಾಗ. ಕಿಡಿ ತಪ್ಪಿದಾಗ ಪೆಟ್ರೋಲೂ ಉರಿಯಲ್ಲ, ಆಕ್ಸಿಜನ್ನೂ ಉಳಿದುಬಿಡುತ್ತೆ. ಸೆನ್ಸರ್ ನೋಡೋದು ಆಕ್ಸಿಜನ್ನನ್ನು ಮಾತ್ರ. ಹಾಗಾಗಿ ಮಿಸ್‌ಫೈರ್ ಆದ ಎಂಜಿನ್ ಲೀನ್ ಥರ ಕಾಣುತ್ತೆ. ಪ್ರೆಶರ್ ಗೇಜ್ ತರಿಸಿ ಹಾಕಿದ್ರೆ ಪಂಪಿನ ಒತ್ತಡ ಸರಿಯಾಗೇ ಇತ್ತು.

ಸೋಪಿನ ನೀರಲ್ಲಿ ಒಂದು ಕ್ಲಾಂಪ್ ಸಡಿಲ ಇದ್ದದ್ದು ಸಿಕ್ತು. ಬಿಗಿ ಮಾಡಿ ಸಂಜೆ ಒಂದು ರೌಂಡ್ ಹೋದ್ರೆ ಗಾಡಿ ಸರಿಯಾಗಿದೆ ಅನ್ನಿಸ್ತು, ಖುಷಿಯಾಗಿ ಕಾಫಿ ಕುಡಿದ್ವಿ. ಮಾರನೆ ದಿನ ಅದೇ ಏರು, ಅದೇ ಗೇರು, ಅದೇ ಜರ್ಕ್. ಸಂಜೆ ನಾವು ಮೆಲ್ಲಗೆ ಓಡಿಸಿದ್ವಿ, ಅಷ್ಟೆ. ರಿಪೇರಿಗೆ ಮುಂಚೆ ಯಾವ ಪರೀಕ್ಷೆ ಮಾಡಿದ್ರೋ ಆಮೇಲೂ ಅದನ್ನೇ ಮಾಡಬೇಕು. "ಅನ್ನಿಸ್ತು" ಅನ್ನೋದು ರೀಡಿಂಗ್ ಅಲ್ಲ.

ಕೊನೆಗೆ ಪ್ಲಗ್ ಬಿಚ್ಚಿದೆ. ಫೀಲರ್ ಗೇಜಿನ 1.1 ಮಿ.ಮೀ. ಬ್ಲೇಡ್ ಸಲೀಸಾಗಿ ಒಳಗೆ ಹೋಯ್ತು. ಮ್ಯಾನ್ಯುಯಲ್‌ನಲ್ಲಿ ಟರ್ಬೊ ಎಂಜಿನ್ನಿಗೆ ಇದ್ದದ್ದು 0.7ರಿಂದ 0.8. ಕೈ ಅಲ್ಲೇ ನಿಂತುಬಿಡ್ತು. ಯಾಕಂದ್ರೆ ದಸರಾ ರಜೆಯಲ್ಲಿ ಆ ಪ್ಲಗ್‌ಗಳನ್ನು ಹಾಕಿದ್ದು ನಾನೇ. ಅಂಗಡಿಯಲ್ಲಿ ಕಾರಿನ ಹೆಸರು ಮಾತ್ರ ಹೇಳಿದ್ದೆ. ಅದೇ ಹೆಸರಿನ ಟರ್ಬೊ ಇಲ್ಲದ ಮಾಡೆಲಿನ ಪ್ಲಗ್ ಕೊಟ್ಟಿದ್ರು. ಥ್ರೆಡ್ ಸರಿಯಾಗಿ ಕೂತಿತ್ತು, ಐಡಲಿನಲ್ಲಿ ಎಂಜಿನ್ ನುಣ್ಣಗಿತ್ತು, ಊರೊಳಗೆ ಬೂಸ್ಟ್ ಬೇಕಾಗಿರಲಿಲ್ಲ. ಗೊತ್ತಾಗಿದ್ದು ಘಾಟಿಯಲ್ಲಿ, ದೊಡ್ಡಪ್ಪ ಗಾಡಿಯಲ್ಲಿದ್ದಾಗ.

ಸ್ಥೂಲವಾಗಿ ಲೆಕ್ಕ ನೋಡಿ. ಕಿಡಿ ಹಾರೋ ಹೊತ್ತಿನ ಒತ್ತಡ ಮ್ಯಾನಿಫೋಲ್ಡ್ ಒತ್ತಡಕ್ಕೆ ಅನುಪಾತದಲ್ಲಿದೆ ಅಂದುಕೊಂಡು, ಆ ಒತ್ತಡವನ್ನು ಗ್ಯಾಪಿನಿಂದ ಗುಣಿಸಿದ್ರೆ:

ಟರ್ಬೊ ಇಲ್ಲದ ಎಂಜಿನ್, ಅದರದ್ದೇ ಪ್ಲಗ್: 100 × 1.1 = 110
ಟರ್ಬೊ ಎಂಜಿನ್, ಸರಿಯಾದ ಪ್ಲಗ್: 190 × 0.7 = 133
ಟರ್ಬೊ ಎಂಜಿನ್, ನಾನು ಹಾಕಿದ ಪ್ಲಗ್: 190 × 1.1 = 209

ಇರಬೇಕಾದ್ದಕ್ಕಿಂತ ಶೇಕಡ 57ರಷ್ಟು ಹೆಚ್ಚು. ಪಾಪ, ಕಾಯಿಲ್ ಎಲ್ಲಿಂದ ತರುತ್ತೆ? ಒಂದು ಬೂಟಿನ ಒಳಗೆ ಕೂದಲೆಳೆಯಷ್ಟು ಕಪ್ಪು ಗೆರೆ ಬಿದ್ದಿತ್ತು, ಕಿಡಿ ಅಡ್ಡದಾರಿ ಹಿಡಿದ ಗುರುತು.

ಗ್ಯಾಪನ್ನು ಬಡಿದು 0.7ಕ್ಕೆ ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಗ್ಯಾಪ್ ಒಂದೇ ಅಲ್ಲ, ಪ್ಲಗ್ಗಿಗೆ ಹೀಟ್ ರೇಂಜ್ ಅಂತಲೂ ಇದೆ. ಟರ್ಬೊ ಎಂಜಿನ್ನಿಗೆ ಬೇಗ ಶಾಖ ಬಿಟ್ಟುಕೊಡೋ ಪ್ಲಗ್ ಬೇಕು. ಇಲ್ಲದಿದ್ರೆ ಪ್ಲಗ್ಗಿನ ತುದಿಯೇ ಕಾದು ಕೆಂಡವಾಗಿ ಕಿಡಿಗೆ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸಬಹುದು. ಅದು ಎಂಜಿನ್ ಒಡೆಯೋ ದಾರಿ. ಆದ್ದರಿಂದ ಪಾರ್ಟ್ ನಂಬರ್ ನೋಡಿ ಮೂರು ಸರಿಯಾದ ಪ್ಲಗ್, ಒಂದು ಬೂಟ್ ತಂದ್ವಿ. ಎರಡು ಸಾವಿರದ ಒಳಗೆ ಮುಗೀತು. ಅದೇ ಏರಿನಲ್ಲಿ ಮೂರು ಸಲ ಪರೀಕ್ಷೆ, ಮೂರು ಸಲವೂ ನುಣ್ಣಗೆ ಎಳೀತು.

ನೀವು ಮಾಡೋದಾದ್ರೆ ಈ ಕ್ರಮದಲ್ಲಿ

1. "ಕೊನೆಯದಾಗಿ ಏನು ಬದಲಾಯಿಸಿದ್ರಿ?" ಇದೇ ಮೊದಲ ಪ್ರಶ್ನೆ. ಗ್ಯಾರೇಜಿನವರು ಕೇಳಲಿಲ್ಲ, ನಾನೂ ನನ್ನನ್ನೇ ಕೇಳ್ಕೊಳ್ಳಲಿಲ್ಲ.
2. ಕೋಡ್ ಓದಿ, ಪೆಂಡಿಂಗ್ ಕೋಡೂ ಸೇರಿಸಿ. ಪಿ0299 ಇದ್ರೆ ಗಾಳಿಯ ಕಡೆ ಹೋಗಿ, ಪಿ0300 ಗುಂಪು ಇದ್ರೆ ಕಿಡಿಯ ಕಡೆ.
3. ಜರ್ಕ್ ಬಂದ ಕ್ಷಣದ ಮ್ಯಾನಿಫೋಲ್ಡ್ ಒತ್ತಡ ನೋಡಿ. ಬೂಸ್ಟ್ ಬರ್ತಿದ್ರೆ ಟರ್ಬೊಗೆ ಕೈ ಹಾಕಬೇಡಿ.
4. ಪ್ಲಗ್ ಬಿಚ್ಚಿ, ಪಾರ್ಟ್ ನಂಬರ್, ಗ್ಯಾಪ್, ಬೂಟ್ ನೋಡಿ. ಒಂದೇ ಸಿಲಿಂಡರಿನ ಮಿಸ್‌ಫೈರ್ ಆದ್ರೆ ಅದರ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ. ತೊಂದರೆಯೂ ಜೊತೆಗೆ ಹೋದ್ರೆ ಕಾಯಿಲೇ ಕಳ್ಳ.
5. ಹೋಸು, ಕ್ಲಾಂಪಿಗೆ ಸೋಪಿನ ನೀರಿನ ಪರೀಕ್ಷೆ.
6. ಆಮೇಲೆ ಪೆಟ್ರೋಲ್ ಒತ್ತಡ. ಡೈರೆಕ್ಟ್ ಇಂಜೆಕ್ಷನ್ ಗಾಡಿಯಾದ್ರೆ ಅದರ ರೈಲಿನಲ್ಲಿ ನೂರಾರು ಬಾರ್ ಇರುತ್ತೆ, ನೀವೇ ಬಿಚ್ಚೋಕೆ ಹೋಗಬೇಡಿ.
7. ಜರ್ಕ್ ಇಲ್ಲದೆ ಬರೀ ಸುಸ್ತಾದ್ರೆ ಇಗ್ನಿಷನ್ ಟೈಮಿಂಗ್ ನೋಡಿ. ನಾಕ್ ಕೇಳಿಸಿಕೊಂಡ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆದಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ರೆ ಪರೀಕ್ಷೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದ್ರೆ ಅದೂ ಹಾಳಾಗುತ್ತೆ.

ಪ್ಲಗ್ ಹಾಕಿದ್ದು ನಾನೇ ಅಂತ ಅಣ್ಣನಿಗೆ ಹೇಳೋಕೆ ಒಂದು ರಾತ್ರಿ ಬೇಕಾಯ್ತು. ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ತಿಂಗಳು ಅಪ್ಪನ್ನ ಕರ್ಕೊಂಡು ಹೋಗುವಾಗ ನೀನೂ ಬಾ. ಘಾಟಿಯಲ್ಲಿ ನನ್ನ ಪಕ್ಕ ಕೂತ್ಕೋ" ಅಂದ. ಹೋಗಿದ್ದೆ. ವಾಪಸ್ ಬರುವಾಗ ಅದೇ ಏರಿನಲ್ಲಿ ಒಂದು ಲಾರಿ ಸಿಕ್ತು. ರಸ್ತೆ ಖಾಲಿ ಇದ್ರೂ ಅಣ್ಣ ನನ್ನ ಮುಖ ನೋಡಿದ. ನಾನು "ಹೋಗಣ್ಣ" ಅಂದೆ. ಗಾಡಿ ಎಲ್ಲೂ ತಡವರಿಸದೆ ಎಳೀತು. ಹಿಂದಿನ ಸೀಟಲ್ಲಿ ದೊಡ್ಡಪ್ಪ ನಿದ್ದೆ ಮಾಡ್ತಿದ್ರು.